ಹೊಸದಾಗಿ ಬಂದ ಪುಸ್ತಕವನ್ನು ಆನ್‌ಲೈನ್‌ನಲ್ಲಿ ಸಹ ಓದುಗರೊಂದಿಗೆ ಹಂಚಿಕೊಳ್ಳುವ ಕ್ರಮ

ಪುಸ್ತಕ ಕೈಸೇರಿದ ದಿನವೇ ಅದನ್ನು ನಾಲ್ಕು ಜನ ಓದುಗರಿಗೆ ತೋರಿಸಬೇಕೆನ್ನಿಸುವುದು ಸಹಜ. ಹಾಗೆ ತೋರಿಸಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಇನ್ನೂ ಓದದ ಪುಸ್ತಕದ ಬಗ್ಗೆ ಏನೆಂದು ಬರೆಯುವುದು? ಒಳಪುಟಗಳ ಫೋಟೋ ಹಾಕಬಹುದೇ? ಆವೃತ್ತಿ ಮತ್ತು ಮುದ್ರಣ ಎರಡೂ ಒಂದೆಯೇ? ಯಾರಾದರೂ ಪಿಡಿಎಫ್ ಕೇಳಿದರೆ ಏನು ಹೇಳಬೇಕು? ಈ ಪ್ರಶ್ನೆಗಳಿಗೆ ಕೆಲಸ ನಡೆಯುವ ಅನುಕ್ರಮದಲ್ಲೇ ಇಲ್ಲಿ ಉತ್ತರಿಸಲು ಪ್ರಯತ್ನಿಸಿದ್ದೇನೆ.

ಹೀಗೆ ಬರೆಯುವ ಟಿಪ್ಪಣಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಎರಡೇ ಸಂಗತಿಗಳನ್ನು ನೋಡುತ್ತೇನೆ. ಅದನ್ನು ಓದಿದವರು ಅದೇ ಪುಸ್ತಕವನ್ನು, ಅದೇ ಅನುವಾದವನ್ನು, ಅದೇ ಆವೃತ್ತಿಯನ್ನು ಬೇರೆಡೆ ಹುಡುಕಿ ತೆಗೆಯುವಂತಿರಬೇಕು. ಮತ್ತು ಬರೆದವರು ಪುಸ್ತಕವನ್ನು ಓದಿದ್ದಾರೋ, ಬರೀ ತರಿಸಿಕೊಂಡಿದ್ದಾರೋ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ತಿಳಿಯಬೇಕು. ಮುಂದೆ ಹೇಳುವ ಹಂತಗಳೆಲ್ಲ ಈ ಎರಡಕ್ಕಾಗಿಯೇ ಇವೆ.

ಬೇಕಾಗುವ ಸಾಮಗ್ರಿ ಬಹಳವಿಲ್ಲ. ಕ್ಯಾಮೆರಾ ಇರುವ ಒಂದು ಫೋನು, ಹಗಲು ಬೆಳಕು ಬೀಳುವ ಕಿಟಕಿ, ಯೂನಿಕೋಡ್ ಕೀಲಿಮಣೆ ಮತ್ತು ಅರ್ಧ ಗಂಟೆಯ ಬಿಡುವು ಇದ್ದರೆ ಸಾಕು. ಯೂನಿಕೋಡ್ ಎಂದರೆ ಪ್ರಪಂಚದ ಲಿಪಿಗಳಿಗೆಲ್ಲ ಒಂದೇ ಸಂಕೇತ ವ್ಯವಸ್ಥೆ. ಅದರಲ್ಲಿ ಟೈಪ್ ಮಾಡಿದ ಕನ್ನಡ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಿಸಿ ಅಂಟಿಸಿದ್ದು ಬೇರೆಯವರ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿಬಿಡುತ್ತದೆ.

1. ಮೊದಲು ಪ್ರತಿಯನ್ನು ಪರೀಕ್ಷಿಸಿ

ಪೊಟ್ಟಣವನ್ನು ಬಿಚ್ಚುವಾಗ ಬ್ಲೇಡನ್ನು ಮಧ್ಯದಲ್ಲಿ ಆಡಿಸಬೇಡಿ. ಅಂಚಿನ ಅಂಟುಪಟ್ಟಿಯನ್ನಷ್ಟೇ ಕತ್ತರಿಸಿದರೆ ರಕ್ಷಾಪುಟಕ್ಕೆ ಗೀರು ಬೀಳುವುದಿಲ್ಲ. ಪುಸ್ತಕ ಹೊರಬಂದ ಮೇಲೆ ಪುಟಸಂಖ್ಯೆಗಳ ಮೇಲೆ ಕಣ್ಣಿಟ್ಟು ಒಮ್ಮೆ ಮೊದಲಿಂದ ಕೊನೆಯವರೆಗೆ ಮಗುಚಿ. ಪುಸ್ತಕಗಳನ್ನು ಬಿಡಿ ಪುಟಗಳಾಗಿ ಅಚ್ಚು ಹಾಕುವುದಿಲ್ಲ; ದೊಡ್ಡ ಹಾಳೆಯೊಂದರ ಮೇಲೆ ಹಲವು ಪುಟಗಳನ್ನು ಮುದ್ರಿಸಿ, ಮಡಿಸಿ, ಆ ಕಟ್ಟುಗಳನ್ನು ಜೋಡಿಸುತ್ತಾರೆ. ಇಂಥ ಒಂದು ಕಟ್ಟಿಗೆ ಫಾರಂ ಎಂದು ಹೆಸರು, ಸಾಮಾನ್ಯವಾಗಿ ಅದರಲ್ಲಿ 8, 16 ಅಥವಾ 32 ಪುಟಗಳಿರುತ್ತವೆ. ಆದ್ದರಿಂದ ಬೈಂಡಿಂಗ್‌ನಲ್ಲಿ ತಪ್ಪಾದರೆ ಒಂದೆರಡು ಪುಟವಲ್ಲ, ಇಡೀ ಫಾರಮ್ಮೇ ಕಾಣೆಯಾಗಿರುತ್ತದೆ: 16 ಪುಟಗಳ ಫಾರಂ ಆಗಿದ್ದರೆ 48ನೇ ಪುಟದ ನಂತರ ನೇರವಾಗಿ 65ನೇ ಪುಟ ಎದುರಾಗಬಹುದು. ಅದೇ ಫಾರಂ ಎರಡು ಸಲ ಸೇರಿರುವುದು, ತಲೆಕೆಳಗಾಗಿ ಕೂತಿರುವುದು, ಎದುರುಬದುರು ಎರಡು ಪುಟ ಅಚ್ಚಾಗದೆ ಬಿಳಿಯಾಗಿ ಉಳಿದಿರುವುದು ಕೂಡ ಉಂಟು.

ದೋಷ ಕಂಡರೆ ಫೋಟೋ ತೆಗೆದು ಮೊದಲು ಮಾರಿದವರಿಗೆ ತಿಳಿಸಿ, ಪೊಟ್ಟಣದ ಹೊದಿಕೆಯನ್ನು ಅಲ್ಲಿಯವರೆಗೆ ಎಸೆಯಬೇಡಿ. ಓದುಗರ ಮುಂದೆ ಹೇಳುವುದಾದರೂ ‘ನನಗೆ ಬಂದ ಪ್ರತಿಯಲ್ಲಿ’ ಎಂದೇ ಹೇಳಿ. ಒಂದು ಪ್ರತಿ ಕೆಟ್ಟಿದೆಯೆಂದ ಮಾತ್ರಕ್ಕೆ ಇಡೀ ಮುದ್ರಣ ಕೆಟ್ಟಿದೆಯೆಂದು ಅರ್ಥವಲ್ಲ, ಆದರೆ ಅಂಥ ಮಾತು ಹಬ್ಬುವುದಕ್ಕೆ ಒಂದು ಸಾಲು ಸಾಕು.

2. ವಿವರಗಳನ್ನು ಪುಸ್ತಕದ ಒಳಗಿನಿಂದ ಬರೆದುಕೊಳ್ಳಿ

ಹೆಚ್ಚಿನ ಎಡವಟ್ಟುಗಳಾಗುವುದು ಈ ಹಂತದಲ್ಲಿ. ಮುಖಪುಟ ನೋಡಿ ಬರೆಯಬೇಡಿ. ಮುಖಪುಟ ಕಣ್ಣು ಸೆಳೆಯಲು ಇರುವುದು. ಅಲ್ಲಿ ಉಪಶೀರ್ಷಿಕೆ ಬಿಟ್ಟುಹೋಗಿರಬಹುದು, ಅನುವಾದಕರ ಹೆಸರು ಇಲ್ಲದಿರಬಹುದು, ಮುನ್ನುಡಿ ಬರೆದ ಪ್ರಸಿದ್ಧರ ಹೆಸರು ಲೇಖಕರ ಹೆಸರಿಗಿಂತ ದಪ್ಪಗಿರಬಹುದು. ಒಳಗಿನ ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ತೆರೆಯಿರಿ. ಹಕ್ಕುಸ್ವಾಮ್ಯ, ಪ್ರಕಾಶಕರು, ವರ್ಷ, ಮುದ್ರಣ, ಮುಖಪುಟ ವಿನ್ಯಾಸ ಮುಂತಾದವು ಇರುವುದು ಸಾಮಾನ್ಯವಾಗಿ ಆ ಹಿಂಬದಿಯಲ್ಲಿ; ಕೆಲವು ಭಾಷೆಗಳ ಪುಸ್ತಕಗಳಲ್ಲಿ ಮಾತ್ರ ಈ ವಿವರಗಳು ಕೊನೆಯ ಪುಟಕ್ಕೆ ಹೋಗಿರುತ್ತವೆ.

ಅಲ್ಲಿಂದ ಶೀರ್ಷಿಕೆ, ಉಪಶೀರ್ಷಿಕೆ, ಲೇಖಕರು, ಅನುವಾದಕರು ಅಥವಾ ಸಂಪಾದಕರು, ಪ್ರಕಾಶಕರು, ವರ್ಷ, ಪುಟಗಳು, ಐಎಸ್‌ಬಿಎನ್ ಇವಿಷ್ಟನ್ನು ಬರೆದುಕೊಳ್ಳಿ. ಅನುವಾದವಾಗಿದ್ದರೆ ಮೂಲ ಭಾಷೆ ಯಾವುದು, ಅನುವಾದ ಮೂಲದಿಂದಲೇ ಆದದ್ದೋ ಇನ್ನೊಂದು ಭಾಷೆಯ ಮೂಲಕ ಬಂದದ್ದೋ ಎಂಬುದನ್ನೂ ಸೇರಿಸಿ. ಓದುಗರು ಅನುವಾದವನ್ನು ಆರಿಸುವಾಗ ಮೊದಲು ಕೇಳುವುದೇ ಇದನ್ನು, ಟಿಪ್ಪಣಿ ಬರೆಯುವವರು ಮರೆಯುವುದೂ ಇದನ್ನೇ.

ಆವೃತ್ತಿ ಮತ್ತು ಮುದ್ರಣ ಬೇರೆ ಬೇರೆ. ಪಠ್ಯದಲ್ಲಿ ಗಣನೀಯವಾಗಿ ತಿದ್ದುಪಡಿಯಾಗಿ, ಅಧ್ಯಾಯಗಳು ಕೂಡಿ ಅಥವಾ ಬಿಟ್ಟು ಹೊರಬಂದರೆ ಅದು ಹೊಸ ಆವೃತ್ತಿ. ಇದ್ದ ಪಠ್ಯವನ್ನೇ ಮತ್ತೊಮ್ಮೆ ಅಚ್ಚು ಹಾಕಿದರೆ ಅದು ಮರುಮುದ್ರಣ. ಕೆಲವು ಪ್ರಕಾಶಕರು ಇವೆರಡನ್ನೂ ಅದಲುಬದಲಾಗಿ ಬಳಸುವುದುಂಟಾದ್ದರಿಂದ ನೀವಾಗಿ ಅರ್ಥೈಸಲು ಹೋಗದೆ ಪುಸ್ತಕದಲ್ಲಿ ಇದ್ದಂತೆಯೇ ಬರೆಯುವುದು ಕ್ಷೇಮ. ಇನ್ನು ಕೆಲವರು ‘10 9 8 7 6 5 4 3’ ಎಂಬಂತೆ ಒಂದು ಅಂಕಿಸಾಲನ್ನು ಅಚ್ಚು ಮಾಡಿರುತ್ತಾರೆ. ಪ್ರತಿ ಮುದ್ರಣಕ್ಕೂ ಅದರಿಂದ ಒಂದೊಂದು ಅಂಕಿಯನ್ನು ತೆಗೆಯುತ್ತಾ ಹೋಗುವ ಪದ್ಧತಿ ಅದು. ಉಳಿದವುಗಳಲ್ಲಿ ಅತಿ ಚಿಕ್ಕ ಅಂಕಿ ಯಾವುದೋ ಅದೇ ನಿಮ್ಮ ಕೈಯಲ್ಲಿರುವ ಮುದ್ರಣ. ಮೇಲಿನ ಸಾಲಿದ್ದರೆ ನಿಮ್ಮದು ಮೂರನೆಯ ಮುದ್ರಣ.

ಐಎಸ್‌ಬಿಎನ್ ಎಂಬುದು ಪುಸ್ತಕಗಳಿಗೆ ಅಂತರರಾಷ್ಟ್ರೀಯವಾಗಿ ಕೊಡುವ ಗುರುತಿನ ಸಂಖ್ಯೆ. 1970ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಗಿ ಬಂದ ಇದು 2006ರ ಕೊನೆಯವರೆಗೆ 10 ಅಂಕಿಗಳದ್ದಾಗಿತ್ತು, 2007ರ ಜನವರಿ 1ರಿಂದ 978 ಅಥವಾ 979ರಿಂದ ಆರಂಭವಾಗುವ 13 ಅಂಕಿಗಳದ್ದಾಗಿದೆ. ಕಾಗದದ ರಟ್ಟಿನ ಪ್ರತಿ, ಗಟ್ಟಿ ರಟ್ಟಿನ ಪ್ರತಿ, ಇ-ಪುಸ್ತಕ ಪ್ರತಿಯೊಂದಕ್ಕೂ ಬೇರೆ ಸಂಖ್ಯೆ ಇರುತ್ತದೆ, ಅನುವಾದಕ್ಕೆ ಅದರದ್ದೇ ಸಂಖ್ಯೆ ಇರುತ್ತದೆ. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಮಾತ್ರ ಹಳೆಯ ಸಂಖ್ಯೆಯೇ ಮುಂದುವರಿಯುತ್ತದೆ. ಹಾಗಾಗಿ ಐಎಸ್‌ಬಿಎನ್ ನೋಡಿ ಇದು ಎಷ್ಟನೆಯ ಮುದ್ರಣ ಎಂದು ಹೇಳಲಾಗದು.

ಬರೆದುಕೊಂಡ ಸಂಖ್ಯೆ ಸರಿಯಿದೆಯೇ ಎಂದು ನೀವೇ ಪರೀಕ್ಷಿಸಬಹುದು. 13 ಅಂಕಿಗಳನ್ನು ಎಡದಿಂದ ಕ್ರಮವಾಗಿ 1, 3, 1, 3 ಎಂದು ಗುಣಿಸುತ್ತಾ ಹೋಗಿ ಎಲ್ಲವನ್ನೂ ಕೂಡಿಸಿ; ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ. ಹಳೆಯ 10 ಅಂಕಿಗಳ ಸಂಖ್ಯೆಗೆ ಮುಂದೆ 978 ಸೇರಿಸಿಬಿಟ್ಟರೆ ಹೊಸ ಸಂಖ್ಯೆಯಾಗುತ್ತದೆಂಬ ನಂಬಿಕೆ ಬಹಳ ಜನರಲ್ಲಿದೆ, ಅದು ತಪ್ಪು. ಕೊನೆಯ ಅಂಕಿ ಉಳಿದವುಗಳನ್ನು ಲೆಕ್ಕ ಹಾಕಿ ಬಂದ ತಾಳೆ ಅಂಕಿ. 978 ಸೇರಿದ ಮೇಲೆ ಅದನ್ನು ಹೊಸದಾಗಿ ಲೆಕ್ಕ ಹಾಕಬೇಕು. ಹಳೆಯ ಸಂಖ್ಯೆಯ ಕೊನೆಯಲ್ಲಿ ಎಕ್ಸ್ ಅಕ್ಷರ ಕಂಡರೆ ಅದು ಅಚ್ಚಿನ ದೋಷವಲ್ಲ, ಅಲ್ಲಿ ಅದರ ಬೆಲೆ 10. ಇನ್ನೂ ಹಳೆಯ ಪುಸ್ತಕವಾಗಿದ್ದು ಸಂಖ್ಯೆಯೇ ಇಲ್ಲದಿದ್ದರೆ ಪ್ರಕಾಶಕರು, ಊರು, ವರ್ಷ ಈ ಮೂರನ್ನು ಬಿಡದೆ ಬರೆಯಿರಿ.

3. ಫೋಟೋ ತೆಗೆಯುವುದು

ಕಿಟಕಿಯ ಪಕ್ಕದಲ್ಲಿ, ನೇರ ಬಿಸಿಲು ಬೀಳದ ಕಡೆ ಪುಸ್ತಕವನ್ನು ಮಲಗಿಸಿ ಮೇಲಿನಿಂದ ನೇರವಾಗಿ ತೆಗೆಯಿರಿ. ಫೋನು ಓರೆಯಾದರೆ ಪುಸ್ತಕದ ಒಂದು ಅಂಚು ಅಗಲವಾಗಿಯೂ ಇನ್ನೊಂದು ಕಿರಿದಾಗಿಯೂ ಕಾಣುತ್ತದೆ. ಹೊಳೆಯುವ ಲ್ಯಾಮಿನೇಷನ್ ಇರುವ ಮುಖಪುಟಕ್ಕೆ ಫ್ಲ್ಯಾಶ್ ಬಳಸಿದರೆ ಶೀರ್ಷಿಕೆಯ ಮೇಲೆಯೇ ಬಿಳಿ ಮಚ್ಚೆ ಕೂರುತ್ತದೆ. ಮುಖಪುಟ, ಹಿಂಬದಿಯ ರಕ್ಷಾಪುಟ, ಪರಿವಿಡಿಯ ಒಂದು ಪುಟ, ಇಷ್ಟು ಸಾಕು.

ಹಲವು ಪುಸ್ತಕಗಳು ಒಟ್ಟಿಗೆ ಬಂದಾಗ ಪೇರಿಸಿ ಬೆನ್ನುಗಳ ಫೋಟೋ ತೆಗೆಯುವುದು ಎಲ್ಲರಿಗೂ ಪ್ರಿಯ. ಅದು ಚೆಂದವೇ, ಆದರೆ ಅದೊಂದನ್ನೇ ಹಾಕಬೇಡಿ. ಬೆನ್ನಿನ ಅಕ್ಷರಗಳನ್ನು ಕೆಲವು ಪ್ರಕಾಶಕರು ಮೇಲಿನಿಂದ ಕೆಳಕ್ಕೆ, ಇನ್ನು ಕೆಲವರು ಕೆಳಗಿನಿಂದ ಮೇಲಕ್ಕೆ ಬರೆಸುತ್ತಾರೆ (ಫ್ರೆಂಚ್ ಪುಸ್ತಕಗಳು ಬಹುತೇಕ ಎರಡನೆಯ ಬಗೆಯವು), ಹಾಗಾಗಿ ಪೇರಿಸಿದಾಗ ಕೆಲವು ಹೆಸರುಗಳು ತಲೆಕೆಳಗಾಗಿ ಓದುಗರು ಕತ್ತು ತಿರುಗಿಸಬೇಕಾಗುತ್ತದೆ. ಫೋಟೋದಲ್ಲಿರುವ ಪ್ರತಿ ಪುಸ್ತಕದ ಹೆಸರನ್ನೂ ಲೇಖಕರನ್ನೂ ಕೆಳಗೆ ಟೈಪ್ ಮಾಡಿ. ಚಿತ್ರದೊಳಗಿನ ಹೆಸರನ್ನು ಹುಡುಕುಪೆಟ್ಟಿಗೆ ಕಂಡುಹಿಡಿಯುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ದೃಷ್ಟಿಹೀನ ಓದುಗರು ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಅವರಿಗಾಗಿ ಚಿತ್ರದ ಜೊತೆಗೆ ಒಂದು ವಿವರಣೆಯನ್ನು ಸೇರಿಸುವ ಸೌಲಭ್ಯ ಬಹಳಷ್ಟು ತಾಣಗಳಲ್ಲಿದೆ, ಅದನ್ನು ಆಲ್ಟ್ ಟೆಕ್ಸ್ಟ್ ಎನ್ನುತ್ತಾರೆ. ‘ಪುಸ್ತಕದ ಫೋಟೋ’ ಎಂದು ಬರೆದು ಮುಗಿಸದೆ, ‘ತಿಳಿ ನೀಲಿ ಮುಖಪುಟ, ಮಧ್ಯದಲ್ಲಿ ರೇಖಾಚಿತ್ರದ ದೋಣಿ, ಮೇಲೆ ಶೀರ್ಷಿಕೆ’ ಎಂಬಂತೆ ಒಂದು ಸಾಲು ಬರೆಯಿರಿ.

4. ಫೋಟೋದಲ್ಲಿ ಕಾಣಬಾರದ್ದನ್ನು ಮರೆಮಾಡಿ

ಪೊಟ್ಟಣದ ಫೋಟೋ ಹಾಕುವ ಆಸೆ ಇದ್ದರೆ ಅದರ ಮೇಲಿನ ಚೀಟಿಯನ್ನು ಮೊದಲು ತೆಗೆದುಬಿಡಿ. ಹೆಸರು, ವಿಳಾಸ, ಫೋನ್ ಸಂಖ್ಯೆಯನ್ನು ಅಳಿಸಿ ಬಾರ್‌ಕೋಡನ್ನೋ ಕ್ಯೂಆರ್ ಕೋಡನ್ನೋ ಹಾಗೇ ಬಿಡುವವರಿದ್ದಾರೆ. ಅದನ್ನು ಸ್ಕ್ಯಾನ್ ಮಾಡಿದರೆ ರವಾನೆಯ ವಿವರ ಸಿಗುವ ಸಾಧ್ಯತೆ ಇದೆ. ಮಸುಕುಗೊಳಿಸುವ ಬದಲು ಪೂರ್ತಿ ಕಪ್ಪು ಪಟ್ಟಿ ಎಳೆಯುವುದು ಅಥವಾ ಆ ಭಾಗವನ್ನೇ ಕತ್ತರಿಸಿ ತೆಗೆಯುವುದು ಉತ್ತಮ.

ಫೋನಿನ ಫೋಟೋ ಕಡತದೊಳಗೆ ಅದನ್ನು ತೆಗೆದ ಸ್ಥಳದ ಅಕ್ಷಾಂಶ ರೇಖಾಂಶವೂ ಅಡಗಿರಬಹುದು. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಸ್ಥಳ ದಾಖಲಿಸುವುದನ್ನು ನಿಲ್ಲಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಸ್ಪಷ್ಟತೆ ಉಳಿಯಲೆಂದು ಫೋಟೋವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸುವಾಗ ವಿಶೇಷ ಎಚ್ಚರ ಬೇಕು, ಏಕೆಂದರೆ ಆಗ ಕಡತ ಇದ್ದಂತೆಯೇ, ಸ್ಥಳದ ಮಾಹಿತಿಯ ಸಮೇತ ಹೋಗುತ್ತದೆ. ಹಳೆಯ ಪುಸ್ತಕವಾದರೆ ಒಳಗಿನ ಹಿಂದಿನ ಒಡೆಯರ ಹೆಸರನ್ನೂ, ಯಾರೋ ಯಾರಿಗೋ ಬರೆದ ಆಪ್ತ ಒಕ್ಕಣೆಯನ್ನೂ ತೋರಿಸಬೇಡಿ. ಕೆಲವು ಇ-ಪುಸ್ತಕಗಳ ಪುಟದಂಚಿನಲ್ಲಿ ಕೊಂಡವರ ಹೆಸರು ಅಥವಾ ಇಮೇಲ್ ಸಣ್ಣಕ್ಷರಗಳಲ್ಲಿ ಇರುವುದುಂಟು, ಸ್ಕ್ರೀನ್‌ಶಾಟ್ ಹಾಕುವ ಮುನ್ನ ಅದನ್ನೂ ನೋಡಿಕೊಳ್ಳಿ.

5. ಟಿಪ್ಪಣಿ ಬರೆಯುವುದು

ಓದದ ಪುಸ್ತಕದ ಬಗ್ಗೆ ಬರೆಯಲು ಏನೂ ಇಲ್ಲವೆಂದುಕೊಳ್ಳುವವರು ‘ಅದ್ಭುತ ಕೃತಿ’, ‘ಎಲ್ಲರೂ ಓದಲೇಬೇಕು’ ಎಂಬ ಮಾತುಗಳಿಗೆ ಶರಣಾಗುತ್ತಾರೆ. ಅವುಗಳಿಂದ ಯಾರಿಗೂ ಉಪಯೋಗವಿಲ್ಲ, ಜೊತೆಗೆ ನೀವು ಓದಿದ್ದೀರೆಂಬ ಸುಳ್ಳು ಭಾವನೆಯನ್ನೂ ಹುಟ್ಟಿಸುತ್ತವೆ. ಮೊದಲ ಸಾಲಿನಲ್ಲೇ ‘ಈಗಷ್ಟೇ ಬಂದಿದೆ, ಇನ್ನೂ ಓದಿಲ್ಲ’ ಎಂದು ಬರೆದುಬಿಡಿ. ಆಮೇಲೆ ಪುಸ್ತಕವನ್ನು ಕೈಯಲ್ಲಿ ಹಿಡಿದವರಿಗಷ್ಟೇ ತಿಳಿಯುವ ಸಂಗತಿಗಳನ್ನು ಹೇಳಿ: ಪರಿವಿಡಿಯಲ್ಲಿ ಏನೇನಿದೆ, ಟಿಪ್ಪಣಿಗಳು ಪುಟದಡಿಯಲ್ಲಿವೆಯೋ ಕೊನೆಯಲ್ಲಿವೆಯೋ, ಪದಸೂಚಿ ಉಂಟೇ, ನಕಾಶೆ ಅಥವಾ ಚಿತ್ರಗಳಿವೆಯೇ, ಅಕ್ಷರದ ಗಾತ್ರ ಹೇಗಿದೆ, ಪುಸ್ತಕ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆಯೇ. ಮಾರಾಟದ ತಾಣಗಳಲ್ಲಿ ಇವುಗಳಲ್ಲಿ ಅರ್ಧವೂ ಸಿಗುವುದಿಲ್ಲ. ಒಂದು ಮಾದರಿ:

‘ನಿನ್ನೆ ಕೈಸೇರಿತು, ಇನ್ನೂ ಓದಿಲ್ಲ. ಹನ್ನೊಂದು ಪ್ರಬಂಧಗಳಿವೆ, ಪರಿವಿಡಿ ನೋಡಿದರೆ ಅರ್ಧದಷ್ಟು ನದಿಗಳ ಬಗ್ಗೆ. ಮೂಲದಿಂದ ನೇರವಾಗಿ ಆದ ಅನುವಾದವೆಂದು ಅನುವಾದಕರ ಅರಿಕೆಯಲ್ಲಿದೆ. ಎರಡನೆಯ ಆವೃತ್ತಿ, ಮೊದಲನೆಯದರಲ್ಲಿ ಇಲ್ಲದ ಎರಡು ಪ್ರಬಂಧಗಳು ಕೊನೆಗೆ ಸೇರಿವೆ. ಟಿಪ್ಪಣಿಗಳೆಲ್ಲ ಹಿಂಬದಿಗೆ ಹೋಗಿವೆ, ಪದಸೂಚಿ ಇಲ್ಲ. ಅಕ್ಷರ ಸಣ್ಣದು, ರಾತ್ರಿ ಓದುವವರಿಗೆ ಕಷ್ಟವಾಗಬಹುದು. ಮೂರನೆಯ ಪ್ರಬಂಧಕ್ಕಾಗಿ ತರಿಸಿದೆ.’

ಕೊನೆಯ ಸಾಲನ್ನು ಗಮನಿಸಿ. ಈ ಪುಸ್ತಕವನ್ನು ಏಕೆ ತರಿಸಿದಿರಿ ಎಂಬ ಒಂದು ವಾಕ್ಯ, ನನ್ನ ಅಭಿಪ್ರಾಯದಲ್ಲಿ, ಉಳಿದೆಲ್ಲ ಹೊಗಳಿಕೆಗಿಂತ ಹೆಚ್ಚು ಬೆಲೆಯುಳ್ಳದ್ದು; ಅದೇ ಆಸಕ್ತಿಯಿರುವ ಓದುಗರು ಅದರಿಂದಲೇ ನಿಮ್ಮೊಡನೆ ಮಾತಿಗೆ ಬರುತ್ತಾರೆ.

ಬೆನ್ನುಡಿಯನ್ನು, ಅಂದರೆ ಹಿಂಬದಿಯ ರಕ್ಷಾಪುಟದ ಪರಿಚಯವನ್ನು ಉಲ್ಲೇಖಿಸುವುದಾದರೆ ಅದು ಬೆನ್ನುಡಿಯ ಮಾತೆಂದು ಹೇಳಿ, ಉದ್ಧರಣ ಚಿಹ್ನೆಯೊಳಗೆ ಕೊಡಿ. ಅದನ್ನು ಬರೆಸಿರುವುದು ಪುಸ್ತಕ ಮಾರಾಟವಾಗಲೆಂದು, ನಿಮ್ಮ ಅಭಿಪ್ರಾಯದಂತೆ ಅದು ಕಾಣಬಾರದು. ಕಾದಂಬರಿಯ ವಿಷಯದಲ್ಲಿ ಮುನ್ನುಡಿಯಿಂದ ಸಾಲು ತೆಗೆಯುವಾಗಲೂ ಜೋಕೆ, ಕಥೆಯ ಕೊನೆಯನ್ನು ಮುನ್ನುಡಿಕಾರರೇ ಬಿಟ್ಟುಕೊಟ್ಟಿರುವುದು ಅಪರೂಪವಲ್ಲ.

6. ಎಷ್ಟನ್ನು ತೋರಿಸಬಹುದು, ಎಷ್ಟನ್ನು ತೋರಿಸಬಾರದು

ಪುಸ್ತಕವನ್ನು ಕೊಂಡವರಿಗೆ ಆ ಪ್ರತಿಯ ಮೇಲೆ ಒಡೆತನ ಬರುತ್ತದೆ, ಒಳಗಿನ ಬರಹದ ಮೇಲಲ್ಲ. 1886ರ ಬರ್ನ್ ಒಪ್ಪಂದ ಎಂಬ ಅಂತರರಾಷ್ಟ್ರೀಯ ಹಕ್ಕುಸ್ವಾಮ್ಯ ಒಡಂಬಡಿಕೆಯ 10ನೇ ವಿಧಿ, ಈಗಾಗಲೇ ಪ್ರಕಟವಾದ ಕೃತಿಯಿಂದ ಉದ್ದೇಶಕ್ಕೆ ಬೇಕಾದಷ್ಟನ್ನು, ನ್ಯಾಯವಾದ ರೀತಿಯಲ್ಲಿ, ಮೂಲವನ್ನೂ ಲೇಖಕರ ಹೆಸರನ್ನೂ ಹೇಳಿ ಉದ್ಧರಿಸಲು ಅವಕಾಶ ಕೊಡುತ್ತದೆ. ಎಷ್ಟು ಸಾಲು ಎಂದು ಅದು ಲೆಕ್ಕ ಹೇಳುವುದಿಲ್ಲ. ಸೂಕ್ಷ್ಮ ವಿವರಗಳು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ರೂಢಿಯಲ್ಲಿ ಒಂದು ಪ್ಯಾರಾ ಉದ್ಧರಿಸಿ ಅದರ ಬಗ್ಗೆ ನಿಮ್ಮದೊಂದು ಮಾತು ಹೇಳುವುದಕ್ಕೆ ಯಾರ ತಕರಾರೂ ಇರುವುದಿಲ್ಲ. ಇಡೀ ಅಧ್ಯಾಯವನ್ನು ಪುಟಪುಟವಾಗಿ ಫೋಟೋ ಹಾಕುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಕವಿತೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು: ಹತ್ತು ಸಾಲು ಕಾದಂಬರಿಯಲ್ಲಿ ಏನೂ ಅಲ್ಲ, ಕವಿತೆಯಲ್ಲಿ ಅದೇ ಪೂರ್ತಿ ಕೃತಿಯಾಗಿರಬಹುದು.

ಬೇರೆ ಭಾಷೆಯ ಪುಸ್ತಕದಿಂದ ಒಂದು ಕಥೆಯನ್ನು ನಾನೇ ಅನುವಾದಿಸಿ ಹಾಕಿದರೆ ತೊಂದರೆಯಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಅನುವಾದದ ಹಕ್ಕು ಕೂಡ ಲೇಖಕರದ್ದೇ, ಅದೇ ಒಪ್ಪಂದದ 8ನೇ ವಿಧಿ ಅದನ್ನು ಹೇಳುತ್ತದೆ. ಅನುಮತಿ ಬೇಕು.

ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ ಕನಿಷ್ಠ 50 ವರ್ಷ ಉಳಿಯಬೇಕೆಂಬುದು ಆ ಒಪ್ಪಂದದ ಸಾಮಾನ್ಯ ನಿಯಮ, ಹಲವು ದೇಶಗಳು ಅದನ್ನು 60 ಅಥವಾ 70 ವರ್ಷಕ್ಕೆ ಏರಿಸಿವೆ. ಮೂಲ ಕೃತಿಯ ಅವಧಿ ಮುಗಿದಿದ್ದರೂ ನಿಮ್ಮ ಕೈಯಲ್ಲಿರುವ ಹೊಸ ಅನುವಾದ, ಮುನ್ನುಡಿ, ಚಿತ್ರಗಳಿಗೆ ಪ್ರತ್ಯೇಕ ಹಕ್ಕು ಇರುತ್ತದೆ ಎಂಬುದನ್ನು ಮರೆಯಬಾರದು. ಮುಖಪುಟದ ಚಿತ್ರಕ್ಕೂ ಒಬ್ಬ ಕಲಾವಿದರಿದ್ದಾರೆ. ಹೆಸರು ಒಳಗೆ ಇದ್ದರೆ ಅದನ್ನೂ ಬರೆಯಿರಿ.

7. ಪುಸ್ತಕ ಬಂದ ದಾರಿಯನ್ನು ಹೇಳಿ

ಕೊಂಡದ್ದೋ, ಉಡುಗೊರೆಯೋ, ಪ್ರಕಾಶಕರೋ ಲೇಖಕರೋ ಕಳಿಸಿದ ಗೌರವ ಪ್ರತಿಯೋ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ. ನಿಮ್ಮ ಕೊಂಡಿಯ ಮೂಲಕ ಯಾರಾದರೂ ಕೊಂಡರೆ ನಿಮಗೆ ಕಮಿಷನ್ ಬರುವಂತಿದ್ದರೆ ಅದನ್ನು ಕೊಂಡಿಯ ಪಕ್ಕದಲ್ಲೇ ಹೇಳಬೇಕು. ಬಿಡುಗಡೆಗೆ ಮುಂಚೆ ವಿಮರ್ಶೆಗೆಂದು ಕಳಿಸುವ ಪ್ರತಿಗಳಲ್ಲಿ ಕರಡು ತಿದ್ದುವುದು ಮುಗಿದಿರುವುದಿಲ್ಲವಾದ್ದರಿಂದ ಅದರಿಂದ ಸಾಲುಗಳನ್ನು ಉದ್ಧರಿಸಬೇಡಿ, ಮತ್ತು ಇಂಥ ದಿನದವರೆಗೆ ಏನೂ ಬರೆಯಬಾರದೆಂಬ ಷರತ್ತು ಇದೆಯೇ ಎಂದು ಜೊತೆಗಿನ ಪತ್ರದಲ್ಲಿ ನೋಡಿಕೊಳ್ಳಿ.

8. ಪುಸ್ತಕಪಟ್ಟಿಯ ತಾಣಗಳಿಗೆ ಸೇರಿಸುವುದು

2005ರಲ್ಲಿ ಶುರುವಾದ ಲೈಬ್ರರಿಥಿಂಗ್, 2013ರಿಂದ ಅಮೆಜಾನ್ ಒಡೆತನದಲ್ಲಿರುವ ಗುಡ್‌ರೀಡ್ಸ್, ಇಂಟರ್ನೆಟ್ ಆರ್ಕೈವ್ ನಡೆಸುವ ಓಪನ್ ಲೈಬ್ರರಿ ಇವೆಲ್ಲ ಓದುಗರು ತಮ್ಮ ಪುಸ್ತಕಗಳನ್ನು ದಾಖಲಿಸಬಹುದಾದ ತಾಣಗಳು. ಮೊದಲು ಐಎಸ್‌ಬಿಎನ್‌ನಿಂದ, ಸಿಗದಿದ್ದರೆ ಶೀರ್ಷಿಕೆಯಿಂದ ಹುಡುಕಿ. ಇರುವ ಪುಸ್ತಕವನ್ನೇ ಇನ್ನೊಮ್ಮೆ ಸೇರಿಸಿದರೆ ಓದುಗರ ಅಭಿಪ್ರಾಯಗಳು ಎರಡು ಕಡೆ ಹಂಚಿಹೋಗುತ್ತವೆ. ಈ ತಾಣಗಳು ಒಂದೇ ಕೃತಿಯ ಎಲ್ಲ ಆವೃತ್ತಿಗಳನ್ನೂ ಅನುವಾದಗಳನ್ನೂ ಒಂದೇ ಗುಂಪಿನಡಿ ತರುವುದರಿಂದ ನೀವು ಒಂದು ಅನುವಾದದ ಬಗ್ಗೆ ಬರೆದದ್ದು ಇನ್ನೊಂದರ ಕೆಳಗೂ ಕಾಣಿಸಬಹುದು. ಅದಕ್ಕಾಗಿಯೇ ಅನುವಾದಕರ ಹೆಸರನ್ನು ಟಿಪ್ಪಣಿಯ ಒಳಗೇ ಬರೆದಿರಬೇಕು. ಓದುವ ಮೊದಲೇ ನಕ್ಷತ್ರಗಳನ್ನು ಕೊಡಬೇಡಿ. ‘ಓದಬೇಕಾದದ್ದು’ ಎಂಬ ಕಪಾಟಿಗೆ ಸೇರಿಸಿದರೆ ಸಾಕು.

9. ಬಂದ ಪ್ರತಿಕ್ರಿಯೆಗಳಿಗೆ ಉತ್ತರಿಸುವುದು

ಟಿಪ್ಪಣಿ ಹಾಕಿದ ಮೇಲೆ ಬರುವ ಪ್ರಶ್ನೆಗಳಲ್ಲಿ ‘ಪಿಡಿಎಫ್ ಇದೆಯಾ?’ ಎಂಬುದು ಇದ್ದೇ ಇರುತ್ತದೆ. ಸಿಡುಕುವ ಅಗತ್ಯವಿಲ್ಲ. ಇಲ್ಲವೆಂದು ಹೇಳಿ, ಪುಸ್ತಕ ಎಲ್ಲಿ ಸಿಗುತ್ತದೆಂದು ತಿಳಿಸಿ, ಹತ್ತಿರದ ಗ್ರಂಥಾಲಯದಲ್ಲಿ ತರಿಸಲು ಕೇಳಿಕೊಳ್ಳಬಹುದೆಂದು ಸೂಚಿಸಿ. ಹಕ್ಕಿನ ಅವಧಿ ಮುಗಿದ ಕೃತಿಯಾಗಿದ್ದರೆ 1971ರಲ್ಲಿ ಆರಂಭವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಂಥ ತಾಣದ ಕೊಂಡಿ ಕೊಡಬಹುದು. ಯಾರೋ ಅಕ್ರಮ ಪ್ರತಿಯ ಕೊಂಡಿಯನ್ನು ನಿಮ್ಮ ಟಿಪ್ಪಣಿಯ ಕೆಳಗೆ ಹಾಕಿದರೆ ಅಳಿಸಿಬಿಡಿ.

ವರ್ಷ ತಪ್ಪಾಗಿದೆ, ಹೆಸರಿನ ಕಾಗುಣಿತ ಸರಿಯಿಲ್ಲ ಎಂದು ಯಾರಾದರೂ ತೋರಿಸಿಕೊಟ್ಟರೆ ಪುಸ್ತಕವನ್ನು ಮತ್ತೆ ತೆರೆದು ನೋಡಿ, ತಿದ್ದಿ, ತಿದ್ದಿದ್ದೇನೆಂದು ಕೆಳಗೆ ಒಂದು ಸಾಲು ಬರೆಯಿರಿ. ಸದ್ದಿಲ್ಲದೆ ತಿದ್ದಿದರೆ ಅವರ ಮಾತು ಅರ್ಥವಿಲ್ಲದ್ದಾಗಿ ಕಾಣುತ್ತದೆ. ಪುಸ್ತಕ ಓದಿ ಮುಗಿಸಿದಾಗ ಹಳೆಯ ಟಿಪ್ಪಣಿಯನ್ನು ಅಳಿಸದೆ, ಅದರ ಕೆಳಗೇ ದಿನಾಂಕ ಹಾಕಿ ಓದಿದ ಮೇಲಿನ ಅನಿಸಿಕೆಯನ್ನು ಸೇರಿಸಿ. ಎರವಲು ಕೇಳುವವರೂ ಬರುತ್ತಾರೆ. ಕೊಡಲು ಮನಸ್ಸಿದ್ದರೆ ವಿಳಾಸದ ಮಾತನ್ನು ಎಲ್ಲರೆದುರು ಆಡದೆ ಖಾಸಗಿ ಸಂದೇಶದಲ್ಲಿ ಮುಗಿಸಿ, ಕಳಿಸುವ ಮುನ್ನ ಪುಸ್ತಕದ ಈಗಿನ ಸ್ಥಿತಿಯ ಒಂದು ಫೋಟೋ ಇಟ್ಟುಕೊಳ್ಳಿ, ಯಾರಿಗೆ ಯಾವ ದಿನ ಕೊಟ್ಟಿರೆಂದು ಬರೆದಿಡಿ.